ಗೊಬ್ಬರದ ಗೋಡೌನಿಂದ ಲ್ಯಾಬಿಗೆ

ಕೊಡಗಿನ ಕಕ್ಕಡ ತಿಂಗಳ ಮಳೆ ಹಿಡಿದರೆ ವಿರಾಜಪೇಟೆ ಕಡೆ ಮಧ್ಯಾಹ್ನವೇ ಲೈಟ್ ಹಾಕಬೇಕು. ಆ ದಿನ ಕರೆಂಟೂ ಇರಲಿಲ್ಲ. ಪುಡಿಯನ್ನು ಉರಿಗೆ ಹಿಡಿದು, ಉರಿಯ ಬಣ್ಣದಿಂದ ಅದರಲ್ಲಿರುವ ಲೋಹ ಗುರುತಿಸುವ ಫ್ಲೇಮ್ ಟೆಸ್ಟ್‌ಗೆ ಇನ್ನೇನು ಬೇಕು? ಕತ್ತಲಿದ್ದಷ್ಟೂ ಉರಿಯ ಬಣ್ಣ ಚೆನ್ನಾಗಿ ಕಾಣುತ್ತದೆ.

ಪಿಯುಸಿ ಮಕ್ಕಳು ಬಣ್ಣದ ಪಟ್ಟಿಯನ್ನು ಬಾಯಿಪಾಠ ಮಾಡಿ ಬರುತ್ತಾರೆ. ಉರಿ ನೋಡುವ ಮೊದಲೇ ರೆಕಾರ್ಡಿನಲ್ಲಿ ಉತ್ತರ ಇರುತ್ತದೆ! ಅದಕ್ಕೇ ತೋಟದ ಗೋಡೌನಿಂದ ಒಂದೊಂದು ಚಿಟಿಕೆ ತನ್ನಿ ಎಂದಿದ್ದೆ. ಮೈಲುತುತ್ತು, ಸುಣ್ಣ, ಪೊಟ್ಯಾಷ್ ಬಂದವು. ಮೊದಲೆರಡು ಸೇರಿಸಿಯೇ ಅಲ್ವಾ ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವುದು.

"ಯಾವುದು ಯಾವ ಬಣ್ಣ ಕೊಡುತ್ತೆ?" ಎಂದೆ.

"ಮೈಲುತುತ್ತು ನೀಲಿ, ಪೊಟ್ಯಾಷ್ ಕೆಂಪು. ಸುಣ್ಣಕ್ಕೆ ಏನೂ ಬರಲ್ಲ ಸಾರ್," ಎಂದ ಹಿಂದಿನ ಬೆಂಚಿನವನು. ಪುಡಿಯ ಬಣ್ಣ ನೋಡಿಯೇ ಹೇಳಿದ್ದ.

ಪುಡಿಯನ್ನು ಉರಿಗೆ ಹಿಡಿಯುವ ತಂತಿಯನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ, ಕಾಯಿಸಿ, ಉರಿಗೆ ಬಣ್ಣ ಬಾರದ ತನಕ ಚೊಕ್ಕ ಮಾಡಿದೆವು. ನೀಲಿ ಮೈಲುತುತ್ತು ಹಸಿರಾಗಿ ಉರಿಯಿತು, ನಡುವೆ ಸ್ವಲ್ಪ ನೀಲಿ. ಅದು ತಾಮ್ರ. ಒಣ ಸುಣ್ಣ ಹಿಡಿದಾಗ ಬಣ್ಣ ಕಾಣಲಿಲ್ಲ, ಹುಡುಗ ಗೆದ್ದೆ ಅಂದುಕೊಂಡ. ಆಸಿಡ್‌ನಲ್ಲಿ ಕಲಸಿ ಮತ್ತೆ ಹಿಡಿದೆವು. ಈಗ ಅದು ಕ್ಲೋರೈಡ್, ಬೇಗ ಆವಿಯಾಗುತ್ತದೆ. ಬಿಳಿ ಸುಣ್ಣದಿಂದ ಇಟ್ಟಿಗೆ ಕೆಂಪು ಎದ್ದಿತು. ಕಾಯ್ದ ಪರಮಾಣುವಿನ ಎಲೆಕ್ಟ್ರಾನ್ ಮೇಲೆ ಹೋಗಿ, ಕೆಳಗಿಳಿಯುವಾಗ ಬೆಳಕು ಬಿಡುತ್ತದೆ. ಯಾವ ಬಣ್ಣ ಎನ್ನುವುದು ಆಯಾ ಲೋಹದ ಲೆಕ್ಕ, ಪುಡಿಯ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಪೊಟ್ಯಾಷ್ ಮಾತ್ರ ಸತಾಯಿಸಿತು. ಬರೀ ಹಳದಿ! ಗೊಬ್ಬರದ ಪೊಟ್ಯಾಷ್‌ನಲ್ಲಿ ಅಡುಗೆ ಉಪ್ಪೂ ಸ್ವಲ್ಪ ಬೆರೆತಿರುತ್ತದೆ. ಸೋಡಿಯಂ ಇದ್ದಲ್ಲಿ ಬೇರೆಯವರ ಮಾತು ನಡೆಯುವುದಿಲ್ಲ. ಬೆವರಿದ ಕೈಯಲ್ಲಿ ತಂತಿ ಮುಟ್ಟಿದರೂ ಸಾಕು, 589 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಅದೇ ಹಳದಿ. ಕೋಬಾಲ್ಟ್ ನೀಲಿ ಗಾಜನ್ನು ಅಡ್ಡ ಹಿಡಿಸಿದೆ. ಹಳದಿಯನ್ನು ಗಾಜು ನುಂಗಿತು, ಪೊಟ್ಯಾಸಿಯಂನ ತೆಳು ನೇರಳೆ ಉಳಿಯಿತು. ಗಾಜಿಗಾಗಿ ಕಿತ್ತಾಟವೇ ನಡೆಯಿತು. ಪೊಟ್ಯಾಷ್ ಪುಡಿಯ ಕೆಂಪು ಬಣ್ಣ ಅದರಲ್ಲಿರುವ ಕಬ್ಬಿಣದ ಆಕ್ಸೈಡ್‌ನದು ಎಂದರೆ ಕೇಳುವವರೇ ಇಲ್ಲ.

ಜರ್ಮನಿಯ ವಿಜ್ಞಾನಿಗಳಾದ ಬುನ್ಸೆನ್, ಕಿರ್ಚಾಫ್ ಇಬ್ಬರೂ ಕಣ್ಣನ್ನಷ್ಟೇ ನಂಬದೆ ಉರಿಯ ಬೆಳಕನ್ನು ಪ್ರಿಸಂನಲ್ಲಿ ಒಡೆದು ನೋಡಿದರು. 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಲೋಹಗಳು ಸಿಕ್ಕಿದ್ದು ಹಾಗೆ. ಇದನ್ನು ಹೇಳುತ್ತಿದ್ದಾಗಲೇ ಅದೇ ಹುಡುಗ ಜೇಬಿಂದ ಇನ್ನೊಂದು ಪೊಟ್ಟಣ ತೆಗೆದ. ಯೂರಿಯಾ.

"ಅದರಲ್ಲಿ ಲೋಹವೇ ಇಲ್ವಲ್ಲ ಮಾರಾಯ," ಎಂದೆ.

"ಗಾಜಲ್ಲಿ ನೋಡೋಣ ಸಾರ್," ಎಂದ.