ಎಂಟು ಹಾಳೆ, ಮೂವತ್ತೆರಡು ಪುಟ: ಮೊದಲ ಸಂಚಿಕೆಯ ಕೆಲಸದ ದಿನಚರಿ

ಮೊದಲ ಎರಡು ವಾರ

ಹಳೆಯ ವಸ್ತುಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸುವ ಹವ್ಯಾಸವಿರುವ ನಾವು ನಾಲ್ವರು, ದುರಸ್ತಿಗೆಂದೇ ಒಂದು ಪುಟ್ಟ ಪತ್ರಿಕೆ ತರಬೇಕೆಂದು ಮಾತಾಡಿಕೊಳ್ಳುತ್ತಲೇ ಒಂದು ವರ್ಷ ಕಳೆದಿದ್ದೆವು. ಈಗ ಕೆಲಸ ಶುರುವಾಗಿದೆ. ಮೊದಲ ಸಭೆಯಲ್ಲಿ ಎಲ್ಲರಿಗೂ ಪತ್ರಿಕೆಯ ಹೆಸರಿನ ಬಗ್ಗೆ ಮತ್ತು ಮುಖಪುಟದ ಬಗ್ಗೆಯೇ ಮಾತಾಡುವ ಆಸೆ. ಅವೆರಡನ್ನೂ ಕೊನೆಗೆ ಇಟ್ಟುಕೊಳ್ಳೋಣವೆಂದು ನಾನು ಹಟ ಹಿಡಿದೆ. ಓದುಗ ಯಾರು, ಪುಟ ಎಷ್ಟು, ಪ್ರತಿ ಎಷ್ಟು ಎಂಬುದು ತೀರ್ಮಾನವಾಗದೆ ಮುಖಪುಟದ ಚರ್ಚೆ ಮಾಡಿದರೆ ಸಂಜೆ ಚೆನ್ನಾಗಿ ಕಳೆಯುತ್ತದೆಯೇ ಹೊರತು ಪತ್ರಿಕೆ ಒಂದಿಂಚೂ ಮುಂದೆ ಹೋಗುವುದಿಲ್ಲ. ಕೊನೆಗೆ ಮೂರು ಸಂಗತಿಗಳು ನಿಶ್ಚಯವಾದವು. ಸ್ಕ್ರೂಡ್ರೈವರ್ ಹಿಡಿಯಲು ಹೆದರದ, ಆದರೆ ಹಿಂದೆಂದೂ ಯಂತ್ರ ಬಿಚ್ಚಿರದ ವ್ಯಕ್ತಿಯೇ ನಮ್ಮ ಓದುಗ; ಎ5 ಅಳತೆಯಲ್ಲಿ 32 ಒಳಪುಟ, ಅದರ ಮೇಲೆ ನಾಲ್ಕು ಪುಟದ ರಕ್ಷಾಪುಟ; ಪ್ರತಿಗಳು 150.

ಇಂಗ್ಲಿಷಿನ ‘ಮ್ಯಾಗಜೀನ್’ ಪದದ ಮೂಲದಲ್ಲಿರುವುದು ಉಗ್ರಾಣ ಎಂಬರ್ಥದ ಅರಬ್ಬೀ ಪದ. 1731ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಕೇವ್ ತನ್ನ ಮಾಸಪತ್ರಿಕೆಯ ಹೆಸರಿನಲ್ಲಿ ಅದನ್ನು ಬಳಸಿದ ಮೇಲೆ ಆ ಪದ ಪತ್ರಿಕೆಗಳಿಗೆ ಅಂಟಿಕೊಂಡಿತು. ನಮ್ಮ ಮೊದಲ ಲೇಖನಪಟ್ಟಿಯಂತೂ ಉಗ್ರಾಣವೇ ಆಗಿತ್ತು: 23 ವಿಷಯಗಳು. ಅವುಗಳಲ್ಲಿ 17ನ್ನು ಹೊಡೆದುಹಾಕಿದ ಮೇಲೆ ಪುಸ್ತಕದ ಬೆನ್ನು ಕಟ್ಟುವುದು, ಟೇಬಲ್ ಫ್ಯಾನು, ಹೊಲಿಗೆ ಯಂತ್ರ, ಸೈಕಲ್ಲಿನ ಬೇರಿಂಗು, ತಂತಿಯ ಬೆಸುಗೆ, ಉಪಕರಣಗಳ ಪರಿಚಯ ಎಂಬ ಆರು ಉಳಿದವು.

ಮೂರನೆಯ ವಾರ

ಈ ವಾರ ಡಮ್ಮಿ, ಅಂದರೆ ಖಾಲಿ ಹಾಳೆಗಳ ಮಾದರಿ ಪುಸ್ತಿಕೆ, ತಯಾರಾಯಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಹಂತ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆದಿಡುತ್ತೇನೆ. ಎ4 ಅಳತೆಯ ಎಂಟು ಖಾಲಿ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಮಧ್ಯಕ್ಕೆ ಮಡಿಸಿದರೆ 32 ಪುಟದ ಪುಸ್ತಿಕೆಯಾಗುತ್ತದೆ. ಒಂದು ಹಾಳೆಗೆ ನಾಲ್ಕು ಪುಟವಾದ್ದರಿಂದ ಮಧ್ಯಕ್ಕೆ ಪಿನ್ ಹೊಡೆಯುವ ಪತ್ರಿಕೆಯ ಪುಟಸಂಖ್ಯೆ ನಾಲ್ಕರ ಗುಣಕವೇ ಆಗಿರಬೇಕು; ಲೇಖಕರು ‘ಒಂದೇ ಒಂದು ಪುಟ ಹೆಚ್ಚು ಕೊಡಿ’ ಎಂದು ಕೇಳಿದಾಗ ಅವರಿಗೆ ಗೊತ್ತಿಲ್ಲದೆಯೇ ನಾಲ್ಕು ಪುಟ ಕೇಳುತ್ತಿರುತ್ತಾರೆ. ಮಡಿಸಿದ ಪುಸ್ತಿಕೆಯ ಮೂಲೆಮೂಲೆಗೆ ಪೆನ್ಸಿಲಿನಲ್ಲಿ 1ರಿಂದ 32ರವರೆಗೆ ಅಂಕಿ ಬರೆದು, ಮತ್ತೆ ಹಾಳೆಗಳನ್ನು ಬಿಡಿಸಿ ಹರಡಿದೆವು. ಹೊರಗಿನ ಹಾಳೆಯ ಒಂದು ಮಗ್ಗುಲಲ್ಲಿ 32 ಮತ್ತು 1, ಅದರ ಹಿಂದೆ 2 ಮತ್ತು 31. ಯಾವ ಹಾಳೆ ತೆಗೆದುಕೊಂಡರೂ ಒಂದೇ ಮಗ್ಗುಲಲ್ಲಿರುವ ಎರಡು ಪುಟಗಳ ಮೊತ್ತ 33. ಪುಸ್ತಿಕೆಯಲ್ಲಿ ಅಕ್ಕಪಕ್ಕ ಬರುವ ಪುಟಗಳು ಹಾಳೆಯಲ್ಲೂ ಅಕ್ಕಪಕ್ಕ ಇರುವುದು ನಟ್ಟನಡುವಿನ 16 ಮತ್ತು 17 ಮಾತ್ರ. ಈ ಸಂಗತಿಯನ್ನು ನಾನು ಅಂದು ಡಮ್ಮಿಯ ಮೇಲೆಯೇ ಬರೆದಿಟ್ಟೆ, ಆಮೇಲೆ ಮರೆತೆ. ಅದರ ಫಲ ಹತ್ತನೆಯ ವಾರದಲ್ಲಿದೆ.

ಪುಟ ಹಂಚಿಕೆ ಹೀಗಾಯಿತು: 1ರಲ್ಲಿ ಪರಿವಿಡಿ, 2–3 ಸಂಪಾದಕೀಯ, 4ರಿಂದ 7 ಪುಸ್ತಕದ ಬೆನ್ನು, 8ರಿಂದ 13 ಫ್ಯಾನು, 14ರಿಂದ 19 ಹೊಲಿಗೆ ಯಂತ್ರ, 20ರಿಂದ 25 ಸೈಕಲ್ಲು, 26ರಿಂದ 29 ಬೆಸುಗೆ, 30–31 ಉಪಕರಣಗಳು, 32 ಮುಂದಿನ ಸಂಚಿಕೆಯ ಸೂಚನೆ. ಜೊತೆಗೆ ಒಂದು ಮಾದರಿ ಪುಟ ಮಾಡಿ, 11 ಪಾಯಿಂಟ್ ಅಕ್ಷರವನ್ನು 16 ಪಾಯಿಂಟ್ ಸಾಲಿನಂತರದಲ್ಲಿ ಕೂರಿಸಿ ಎಣಿಸಿದೆವು. ಇಂಗ್ಲಿಷ್ ಪುಟಕ್ಕೆ ಇಷ್ಟು ಅಂತರ ಬೇಕಾಗದು; ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿದು, ಗುಣಿತದ ಗುಡಿಸು ಮೇಲೇರಿ ಒಂದಕ್ಕೊಂದು ತಾಗುವುದರಿಂದ 14 ಪಾಯಿಂಟಿನಲ್ಲಿ ಪುಟ ಉಸಿರುಗಟ್ಟಿದಂತೆ ಕಂಡಿತು. ಪುಟಕ್ಕೆ 30 ಸಾಲು, ಸುಮಾರು 170 ಪದ. ಈ ಲೆಕ್ಕವನ್ನು ಲೇಖಕರಿಗೆ ಮೊದಲೇ ಕಳಿಸಿದ್ದರಿಂದ ಮುಂದಿನ ಜಗಳಗಳು ಅರ್ಧಕ್ಕರ್ಧ ಕಡಿಮೆಯಾದವು.

ನಾಲ್ಕರಿಂದ ಎಂಟನೆಯ ವಾರ

ಉಳಿದರ್ಧ ಜಗಳ ಫ್ಯಾನಿನ ಲೇಖನದ್ದು. ಆರು ಪುಟಗಳಲ್ಲಿ ಎರಡು ಪೂರ್ತಿ ಚಿತ್ರಕ್ಕೆ ಮೀಸಲಾಗಿ, ಶೀರ್ಷಿಕೆಗೂ ಜಾಗ ಹೋಗಿ, ಬರಹಕ್ಕೆ ಉಳಿಯುವುದು 600 ಪದ; ಬಂದದ್ದು 1,900. ಬರೆದವರು ನಮ್ಮ ನಾಲ್ವರಲ್ಲಿ ಹಿರಿಯರು, ಯಂತ್ರದ ವಿಷಯದಲ್ಲಿ ನಮಗೆಲ್ಲ ಗುರುಗಳಿದ್ದ ಹಾಗೆ. ಅವರ ವಾಕ್ಯಗಳ ಮೇಲೆ ಕೆಂಪು ಗೆರೆ ಎಳೆಯುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಬೇರೆ ದಾರಿ ಹುಡುಕಿದೆವು. ಚಿತ್ರ ಬರೆಯುವ ಗೆಳತಿಗೆ ಫ್ಯಾನು ಬಿಚ್ಚಿ ಅಭ್ಯಾಸವಿಲ್ಲ. ಲೇಖನವನ್ನಷ್ಟೇ ಕೈಗೆ ಕೊಟ್ಟು, ಕೆಟ್ಟ ಫ್ಯಾನೊಂದನ್ನು ಅವಳ ಮುಂದಿಟ್ಟು, ಯಾರೂ ಬಾಯಿ ಬಿಡಬಾರದೆಂಬ ಕಟ್ಟಳೆ ಹಾಕಿಕೊಂಡು ಕುಳಿತೆವು. ಫ್ಯಾನಿನ ಇತಿಹಾಸದ ಎರಡು ಪುಟಗಳನ್ನು ಅವಳು ಓದದೆಯೇ ಮಗುಚಿದಳು. ಕೆಪಾಸಿಟರಿನ ಹತ್ತಿರ ಬಂದಾಗ ಗುರುಗಳೇ ಕೂಗಿ ತಡೆದರು: ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದೆಂಬ ಎಚ್ಚರಿಕೆ 1,900 ಪದಗಳಲ್ಲಿ ಎಲ್ಲಿಯೂ ಇರಲಿಲ್ಲ. ತಂತಿಗಳನ್ನು ಬಿಡಿಸುವ ಮೊದಲು ಯಾವ ಬಣ್ಣ ಎಲ್ಲಿತ್ತೆಂದು ಫೋಟೊ ತೆಗೆದುಕೊಳ್ಳಬೇಕೆಂಬ ಮಾತೂ ಬಿಟ್ಟುಹೋಗಿತ್ತು. ಅವರೇ ಲೇಖನವನ್ನು ವಾಪಸು ತೆಗೆದುಕೊಂಡು ಹೋಗಿ, ವಾರ ಕಳೆದು 640 ಪದಗಳಲ್ಲಿ ತಂದುಕೊಟ್ಟರು. ಉಳಿದ ದುರಸ್ತಿ ಲೇಖನಗಳಿಗೂ ಇದೇ ಪರೀಕ್ಷೆ ಮಾಡಿದೆವು; ಪತ್ರಿಕೆಯಲ್ಲಿ ಯಾವುದಾದರೂ ಒಂದು ಸಂಗತಿಯ ಬಗ್ಗೆ ನನಗೆ ಹೆಮ್ಮೆಯಿದ್ದರೆ ಅದು ಈ ಪರೀಕ್ಷೆ.

ಹೊಲಿಗೆ ಯಂತ್ರದ ಲೇಖನ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬಂದಿತ್ತು. ಪರಿವರ್ತಿಸಿದ ಮೇಲೆ ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಕಂಡಿತು. ‘ಕಾರ್ಯ’ ಎಂಬ ಪದವನ್ನು ಹುಡುಕಿದಾಗ ಮಾತ್ರ ಒಂದೂ ಸಿಗಲಿಲ್ಲ. ಕಾರಣ, ಬರೆದವರು ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿದ್ದರು; ‘ಕಾಯ೯’ ಎಂಬುದು ಕಣ್ಣಿಗೆ ‘ಕಾರ್ಯ’ದಂತೆಯೇ ತೋರುತ್ತದೆ. ನಮ್ಮ ಪತ್ರಿಕೆಯಲ್ಲಿ ಕನ್ನಡ ಅಂಕಿಗಳನ್ನು ಬಳಸದಿರುವುದರಿಂದ ಇಡೀ ಕಡತದಲ್ಲಿ ‘೯’ ಹುಡುಕಿ, ಸಿಕ್ಕ 41 ಕಡೆಯೂ ತಿದ್ದಿದ್ದಾಯಿತು. ಪರದೆಯ ಮೇಲೆ ಓದುತ್ತ ಕುಳಿತಿದ್ದರೆ ಇವುಗಳಲ್ಲಿ ಹತ್ತನ್ನಾದರೂ ಹಿಡಿಯುತ್ತಿದ್ದೆನೋ ಇಲ್ಲವೋ.

ಒಂಬತ್ತನೆಯ ವಾರ

ಫೋಟೊಗಳ ಕೆಲಸ. ಅರ್ಧದಷ್ಟು ಚಿತ್ರಗಳು ಮೆಸೇಜಿಂಗ್ ಆ್ಯಪಿನ ಮೂಲಕ ಬಂದು ಕುಗ್ಗಿಹೋಗಿದ್ದವು. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಎಂಬ ಲೆಕ್ಕ ಹಿಡಿದರೆ 1280 ಪಿಕ್ಸೆಲ್ ಅಗಲದ ಚಿತ್ರ 11 ಸೆಂಟಿಮೀಟರ್ ಕೂಡ ತುಂಬುವುದಿಲ್ಲ. ನಮ್ಮ ಪುಟದ ಅಗಲವೇ 14.8 ಸೆಂಟಿಮೀಟರ್. ಮೂಲ ಕಡತಗಳನ್ನು ಮತ್ತೆ ತರಿಸಿಕೊಂಡೆವು. ಒಳಪುಟಗಳೆಲ್ಲ ಕಪ್ಪು-ಬಿಳುಪಾದ್ದರಿಂದ ಬಣ್ಣದ ಚಿಂತೆ ಮುಖಪುಟಕ್ಕಷ್ಟೇ ಇತ್ತು.

ಹತ್ತನೆಯ ವಾರ

ಪುಟವಿನ್ಯಾಸವನ್ನು ಸ್ಕ್ರೈಬಸ್‌ನಲ್ಲಿ ಮಾಡುತ್ತಿದ್ದೇವೆ. ಅದು ಉಚಿತ ತಂತ್ರಾಂಶ, ಮತ್ತು 1.5 ಸರಣಿಯ ಹೊಸ ಆವೃತ್ತಿಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ಸಾಲುಗಳ ಎರಡೂ ಅಂಚನ್ನು ಸಮ ಮಾಡುವ ಆಸೆಯನ್ನು ಮಾತ್ರ ಬಿಡಬೇಕಾಯಿತು: ‘ಬಿಚ್ಚಿಟ್ಟುಕೊಳ್ಳಬೇಕಾಗುತ್ತದೆ’ಯಂಥ ಪದವೊಂದು ಮುಂದಿನ ಸಾಲಿಗೆ ಇಳಿದಾಗ ಹಿಂದಿನ ಸಾಲಿನ ಪದಗಳು ಹಲ್ಲುದುರಿದ ಬಾಯಿಯಂತೆ ಕಾಣುತ್ತಿದ್ದವು. ಎಡಕ್ಕೆ ಸಮ, ಬಲಕ್ಕೆ ಬಿಟ್ಟಂತೆ.

ಮನೆಯ ಪ್ರಿಂಟರಿನಲ್ಲಿ ಮೊದಲ ಪೂರ್ಣ ಪ್ರತಿ ತೆಗೆದು, ಮಡಿಸಿ, ಪಿನ್ ಹೊಡೆದು, 10–11ನೇ ಪುಟ ತೆರೆದಾಗ ಮೂರನೆಯ ವಾರದ ಪಾಠ ನೆನಪಾಯಿತು. ಗೆಳತಿ ಹದಿನೈದು ದಿನ ಕುಳಿತು ಫ್ಯಾನಿನ ಪ್ರತಿಯೊಂದು ಭಾಗವನ್ನೂ ಬಿಡಿಬಿಡಿಯಾಗಿ ಒಂದೇ ಅಕ್ಷದ ಮೇಲೆ ಪೋಣಿಸಿದಂತೆ ಬರೆದಿದ್ದಳು: ಎಡತುದಿಯಲ್ಲಿ ರೆಕ್ಕೆ, ಬಲತುದಿಯಲ್ಲಿ ಗೇರ್‌ಬಾಕ್ಸು, ಎರಡೂ ಪುಟಗಳನ್ನು ಹಾದುಹೋಗುವ ಶಾಫ್ಟು. ಆದರೆ 10ನೇ ಪುಟ ಅಚ್ಚಾಗುವುದು 23ರ ಜೊತೆಗೆ ಐದನೆಯ ಹಾಳೆಯಲ್ಲಿ, 11ನೇ ಪುಟ 22ರ ಜೊತೆಗೆ ಆರನೆಯ ಹಾಳೆಯಲ್ಲಿ. ಎರಡು ಹಾಳೆಗಳ ಮಡಿಕೆಯಲ್ಲಿ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸವಾಗಿ, ಶಾಫ್ಟು ಮಧ್ಯದಲ್ಲಿ ಮುರಿದು ಮೆಟ್ಟಿಲಿನಂತಾಗಿತ್ತು. ದುರಸ್ತಿಯ ಪತ್ರಿಕೆಯಲ್ಲಿ ಮುರಿದ ಶಾಫ್ಟು!

ಫ್ಯಾನಿಗೂ ಹೊಲಿಗೆ ಯಂತ್ರಕ್ಕೂ ಆರಾರು ಪುಟವೇ ಇದ್ದದ್ದು ನಮ್ಮ ಪುಣ್ಯ. ಎರಡನ್ನೂ ಅದಲುಬದಲು ಮಾಡಿದೆವು. ಫ್ಯಾನು 14ಕ್ಕೆ ಹೋಯಿತು, ಚಿತ್ರ ತಾನಾಗಿ 16–17ಕ್ಕೆ, ಅಂದರೆ ಒಂದೇ ಹಾಳೆಯ ಮೇಲೆ ಬಂದು ಕುಳಿತಿತು. ಅಲ್ಲಿ ಎರಡು ಪಿನ್ನುಗಳು ಮಡಿಕೆಯ ಮೇಲೆ ಹೊರಗೆ ಕಾಣುವುದರಿಂದ, ಮೇಲಿನ ಪಿನ್ನಿನಡಿ ಸಿಕ್ಕಿಬೀಳುತ್ತಿದ್ದ ‘ಬುಶ್’ (ಶಾಫ್ಟು ಕೂತು ತಿರುಗುವ ಬಳೆ) ಎಂಬ ಹೆಸರನ್ನು ಗೆಳತಿ ಒಂದು ಬೆರಳಿನಷ್ಟು ಬಲಕ್ಕೆ ಸರಿಸಿದಳು.

ಹನ್ನೊಂದು ಮತ್ತು ಹನ್ನೆರಡನೆಯ ವಾರ

ಕರಡು ತಿದ್ದುವ ಕೆಲಸವನ್ನು ಮೂರು ಸುತ್ತಾಗಿ ಹಂಚಿಕೊಂಡೆವು. ಮೊದಲ ಸುತ್ತಿನಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಮೂಲ ಪ್ರತಿ ನೋಡುವುದು. ಎರಡನೆಯದರಲ್ಲಿ ಶೀರ್ಷಿಕೆ, ಚಿತ್ರದಡಿಯ ಬರಹ, ಪುಟಸಂಖ್ಯೆಗಳು ಮಾತ್ರ. ಮೂರನೆಯದರಲ್ಲಿ ಕೊನೆಯ ಪುಟದಿಂದ ಹಿಂದಕ್ಕೆ. ಅದಲುಬದಲಿನ ನಂತರ ಪರಿವಿಡಿಯನ್ನೂ, ಎರಡೂ ಲೇಖನಗಳೊಳಗಿನ ಪುಟ ಸೂಚನೆಗಳನ್ನೂ ಒಂದೊಂದಾಗಿ ತಿದ್ದಿದೆವು.

ಹೆಸರು ಮತ್ತು ಮುಖಪುಟ ಒಂದೇ ಸಂಜೆಯಲ್ಲಿ ಮುಗಿದವು. ಪರದೆಯ ಮೇಲೆ ಹೊಳೆಯುತ್ತಿದ್ದ ನೀಲಿ, ಮುದ್ರಣದ ನಾಲ್ಕು ಶಾಯಿಗಳಿಗೆ ಪರಿವರ್ತಿಸಿದೊಡನೆ ಒಗೆದ ಬಟ್ಟೆಯಂತೆ ಮಂಕಾಯಿತು. ಆ ನೀಲಿ ಕಾಗದದ ಮೇಲೆ ಸಿಗುವುದಿಲ್ಲವೆಂದು ಒಪ್ಪಿಕೊಂಡು ಇಟ್ಟಿಗೆ ಕೆಂಪಿಗೆ ಬಂದೆವು. ಬಣ್ಣ ಅಂಚಿನವರೆಗೂ ಹೋಗುವ ಕಡೆ ಕಟಿಂಗಿಗಾಗಿ ಮೂರು ಮಿಲಿಮೀಟರ್ ಹೊರಗೆ ಚಾಚಿ, ಫಾಂಟುಗಳನ್ನು ಒಳಗೆ ಸೇರಿಸಿ, ಅಕ್ಷರಗಳೆಲ್ಲ ಕಪ್ಪು ಶಾಯಿಯೊಂದರಲ್ಲೇ ಇವೆಯೇ ಎಂದು ನೋಡಿ ಪಿಡಿಎಫ್ ತೆಗೆದೆವು.

ಹದಿಮೂರನೆಯ ವಾರ

ಆಫ್‌ಸೆಟ್ ಮುದ್ರಣಕ್ಕೆ ಪ್ಲೇಟ್ ಮಾಡಿಸುವ ಖರ್ಚು ಮೊದಲೇ ಬೀಳುತ್ತದೆ. ಪ್ರತಿಗಳು ಸಾವಿರ ದಾಟಿದರೆ ಅದು ಹಂಚಿಹೋಗುತ್ತದೆ, 150ಕ್ಕೆ ಹೋಗುವುದಿಲ್ಲ. ಡಿಜಿಟಲ್ ಮುದ್ರಣಕ್ಕೇ ಕೊಟ್ಟೆವು. ಒಳಪುಟಕ್ಕೆ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ), ರಕ್ಷಾಪುಟಕ್ಕೆ 250. ಎ4 ಹಾಳೆ ಚದರ ಮೀಟರಿನ ಹದಿನಾರನೆಯ ಒಂದು ಭಾಗವಾದ್ದರಿಂದ ಒಳಹಾಳೆಯೊಂದು ಐದು ಗ್ರಾಂ, ಎಂಟಕ್ಕೆ 40, ರಕ್ಷಾಪುಟ ಸುಮಾರು 16; ಅಂಚೆಯಲ್ಲಿ ಕಳಿಸುವ ಪ್ರತಿಗಳ ಲೆಕ್ಕ ಹೀಗೆ ಕೂತಲ್ಲೇ ಸಿಕ್ಕಿತು.

ಮುದ್ರಕರು ತೋರಿಸಿದ ಮಾದರಿಯಲ್ಲಿ ರಕ್ಷಾಪುಟದ ಕೆಂಪು ಬೆನ್ನಿನ ಉದ್ದಕ್ಕೂ ಬಿರಿದು ಬಿಳಿಯ ಗೆರೆ ಕಾಣುತ್ತಿತ್ತು. ದಪ್ಪ ಕಾಗದವನ್ನು ಅದರ ಎಳೆಗೆ, ಅಂದರೆ ನಾರುಗಳು ಸಾಗುವ ದಿಕ್ಕಿಗೆ, ಅಡ್ಡವಾಗಿ ಮಡಿಸಿದಾಗ ಟೋನರು (ಡಿಜಿಟಲ್ ಮುದ್ರಣದ ಪುಡಿಶಾಯಿ) ಹೀಗೆ ಒಡೆಯುತ್ತದೆ. ಎಳೆ ಬೆನ್ನಿಗೆ ಸಮಾಂತರವಾಗಿ ಬರುವಂತೆ ಹಾಳೆಯನ್ನು ತಿರುಗಿಸಿ, ಮಡಿಸುವ ಮೊದಲು ಗೆರೆ ಒತ್ತಿಸಿಕೊಟ್ಟ ಮೇಲೆ ಬಿರುಕು ನಿಂತಿತು. ಒಳಗಿನ ಹಾಳೆಗಳು ಮಡಿಕೆಯ ದಪ್ಪಕ್ಕೆ ಹೊರಗೆ ತಳ್ಳಿಕೊಂಡು, ಕಟಿಂಗ್ ಆದ ಮೇಲೆ ನಡುವಿನ ಪುಟ ಮಿಲಿಮೀಟರಿಗೆ ಹತ್ತಿರ ಸಣ್ಣದಾಗುತ್ತದೆಂದು ಅವರೇ ಹೇಳಿದ್ದರಿಂದ ಪುಟಸಂಖ್ಯೆಗಳನ್ನೂ ಕೊಂಚ ಒಳಕ್ಕೆ ತಂದೆವು.

ಹದಿನಾಲ್ಕನೆಯ ವಾರ

150ರಲ್ಲಿ ನಾಲ್ಕು ಪ್ರತಿಗಳ ಪಿನ್ ಓರೆಯಾಗಿತ್ತು. 146 ಚೆನ್ನಾಗಿ ಬಂದವು. ಶಾಫ್ಟು ನೇರವಾಗಿದೆ. ಪೆಟ್ಟಿಗೆ ಒಡೆದ ಹತ್ತು ನಿಮಿಷಕ್ಕೆ ಗುರುಗಳು 22ನೇ ಪುಟದ ಮೇಲೆ ಬೆರಳಿಟ್ಟರು. ಸೈಕಲ್ಲಿನ ಲೇಖನದ ನಡುವೆ, ಬೇರಿಂಗಿಗೂ ಬುಶ್ಶಿಗೂ ಇರುವ ವ್ಯತ್ಯಾಸ ಹೇಳುವ ಪುಟ್ಟ ಚೌಕದೊಳಗೆ, ‘11ನೇ ಪುಟದ ಚಿತ್ರ ನೋಡಿ’ ಎಂದಿದೆ. ಅದಲುಬದಲಾದ ಎರಡು ಲೇಖನಗಳಲ್ಲಿ ಹುಡುಕಿದ್ದೆವೇ ಹೊರತು, ಕದಲದೆ ಕುಳಿತಿದ್ದ ಮೂರನೆಯದರಲ್ಲಿ ಹುಡುಕುವುದು ಯಾರಿಗೂ ಹೊಳೆದಿರಲಿಲ್ಲ. ಆ ಸೂಚನೆಯನ್ನು ನಂಬಿ ಹೋದವರಿಗೆ ಈಗ ಸಿಗುವುದು ಹೊಲಿಗೆ ಯಂತ್ರದ ಬಾಬಿನ್ನು.

ತಿದ್ದೋಲೆ ಅಂಟಿಸುವ ಮಾತು ಬಂತು. ಆಗ ಗೆಳತಿ ಕಪ್ಪು ಪೆನ್ನು ತೆಗೆದು, ಎರಡನೆಯ ಒಂದರ ನೆತ್ತಿಯ ಮೇಲೆ ಎಡಕ್ಕೊಂದು ಸಣ್ಣ ಗೆರೆ ಎಳೆದು ತೋರಿಸಿದಳು: 11 ಹೋಗಿ 17 ಆಗಿತ್ತು, ಹತ್ತಿರದಿಂದ ನೋಡಿದರೂ ಗೊತ್ತಾಗದ ಹಾಗೆ. ನಿನ್ನೆ ರಾತ್ರಿ ನಾಲ್ವರೂ ಕುಳಿತು 92 ಪ್ರತಿ ಮುಗಿಸಿದ್ದೇವೆ; ಉಳಿದ 54 ಇಂದು ಸಂಜೆಗೆ.