ಅರ್ಧ ತಾಸು ಬಿಟ್ಟರೆ ಸರಿಹೋಗುವ ಗಾಡಿ

ಹಳೇ ಗಾಡಿ ಇಟ್ಟುಕೊಂಡವರು ನನ್ನ ಹತ್ತಿರ ಬಂದು ಹೇಳೋ ಮಾತುಗಳಲ್ಲಿ ಒಂಚೂರೂ ಉಪಯೋಗಕ್ಕೆ ಬಾರದ್ದು ಇದು: "ಹೋಗ್ತಾ ಹೋಗ್ತಾ ನಿಂತುಬಿಡ್ತೈತಿ, ಅರ್ಧ ತಾಸು ಬಿಟ್ರೆ ತಾನಾಗೇ ಸ್ಟಾರ್ಟ್ ಆಗ್ತೈತಿ." ಹೇಳುವವರ ಲೆಕ್ಕದಲ್ಲಿ ಅದೇ ದೊಡ್ಡ ಸುಳಿವು. ಬಿಸಿಗೆ ಪೆಟ್ರೋಲ್ ಆವಿಯಾಗಿ ಪೈಪು ಕಟ್ಟಿಕೊಳ್ತು, ಅಂದರೆ ಏರ್ ಲಾಕ್, ಅಂತ ರೋಗಕ್ಕೆ ಹೆಸರನ್ನೂ ಅವರೇ ಇಟ್ಟುಕೊಂಡು ಬಂದಿರ್ತಾರೆ. ಬಳ್ಳಾರಿ ಬಿಸಿಲು ತಿಂದವರು ಇನ್ನೇನು ತಾನೇ ಅಂದಾರು?

ನಮ್ಮ ಭಾವನ ಹಳೇ ಪದ್ಮಿನಿ ಕಾರಿನದೂ ಇದೇ ಕತೆ. 1089 ಸಿಸಿ ಎಂಜಿನ್, ಸ್ಟೇರಿಂಗ್ ಕೆಳಗೇ ಗೇರು, ಕುರ್ಲಾ ಕಾರ್ಖಾನೆಯ ಗಾಡಿ. ಊರೊಳಗೆ ರಾಯಲ್ ಸರ್ಕಲ್‌ವರೆಗೆ ಹೋಗಿ ಬಂದರೆ ಏನೂ ತಕರಾರಿಲ್ಲ. ಸಂಡೂರಿಗೆ ಹೊರಟರೆ ಮಾತ್ರ, ಕುಡತಿನಿ ದಾಟಿ ತೋರಣಗಲ್ಲು ಬರೋದರೊಳಗೆ ಜರ್ಕ್ ಹೊಡೆದು ನಿಲ್ಲಬೇಕು. ಅದಿರು ಲಾರಿಗಳ ಕೆಂಪು ಧೂಳಿನಲ್ಲಿ ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಭಾವ ಬೇವಿನ ಮರ ಹುಡುಕಿಕೊಂಡು ಹೋಗೋರು. ಸ್ವಲ್ಪ ಹೊತ್ತಿಗೆ ಗಾಡಿ ಸ್ಟಾರ್ಟ್. ಕೀರ್ತಿಯೆಲ್ಲಾ ಒದ್ದೆ ಬಟ್ಟೆಗೆ. ಆಮೇಲೆ ಕಾರ್ಬುರೇಟರ್ ಕಿಟ್ ಬದಲಾಯಿತು, ಪೈಪಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ್ದೂ ಆಯಿತು. ನಿಲ್ಲೋದು ನಿಲ್ಲಲಿಲ್ಲ.

ಏರ್ ಲಾಕ್ ಅನ್ನೋದು ಸುಳ್ಳಲ್ಲ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯೋಕೆ ಶುರು ಮಾಡುತ್ತವೆ. ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತೆ, ಹಿಂದಿನ ಟ್ಯಾಂಕಿನಿಂದ ಎಳೆಯುತ್ತೆ. ಎಳೆಯೋ ಕಡೆ ಒತ್ತಡ ಕಮ್ಮಿ, ಹಾಗಾಗಿ ಅಲ್ಲಿ ಕುದಿಯೋದು ಇನ್ನೂ ಸುಲಭ. ಪೈಪಿನೊಳಗೆ ಆವಿ ತುಂಬಿಕೊಂಡರೆ ಪಂಪು ಆವಿಯನ್ನೇ ಹಿಂಡುತ್ತಾ ಕೂರುತ್ತೆ. ಮೇ ತಿಂಗಳಲ್ಲಿ ಇಲ್ಲಿ ಇದು ಆಗೋದು ಸಹಜ.

ಆದರೆ ತಣ್ಣಗಾದರೆ ವಾಸಿಯಾಗೋ ರೋಗ ಅದೊಂದೇ ಅಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಧೂಳಿಗೆ ಕಟ್ಟಿಕೊಂಡರೆ, ಪೆಟ್ರೋಲ್ ಖಾಲಿಯಾದಂತೆ ಒಳಗೆ ನಿರ್ವಾತ ಬೆಳೆದು ಪಂಪಿಗೆ ಎಳೆಯೋಕಾಗಲ್ಲ; ಗಾಡಿ ನಿಂತ ಮೇಲೆ ಗಾಳಿ ಮೆಲ್ಲಗೆ ನುಸುಳಿ ಸರಿಹೋಗುತ್ತೆ. ಟ್ಯಾಂಕಿನ ತಳದ ಕಸ ಪೈಪಿನ ಬಾಯಿಗೆ ಬಂದು ಅಂಟುತ್ತೆ, ಎಳೆತ ನಿಂತರೆ ಕಳಚಿ ಬೀಳುತ್ತೆ. (ಈಗ ಬಂಕಿನಲ್ಲಿ ಸಿಗೋದು 20% ಎಥನಾಲ್ ಬೆರೆಸಿದ ಪೆಟ್ರೋಲು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇದಕ್ಕೆಂದು ಮಾಡಿದ್ದಲ್ಲ. ಪೈಪು ಒಳಗೊಳಗೇ ಮೆತ್ತಗಾಗಿ ಉದುರೋದನ್ನು ನೋಡಿದ್ದೀನಿ. ಮೊದಲು ಅದನ್ನು ಬದಲಿಸಿ.) ಇನ್ನು ಪ್ಲಗ್ಗಿಗೆ ಕಿಡಿ ಒದಗಿಸೋ ಕಾಯಿಲ್, ಅದರ ಜೊತೆಗಾರ ಕಂಡೆನ್ಸರ್. ಬಿಸಿಯಾದಾಗ ಒಳಗಿನ ತಂತಿ ಬಿಟ್ಟುಕೊಳ್ಳುತ್ತೆ, ತಣಿದಾಗ ಮತ್ತೆ ಕೂಡುತ್ತೆ.

ಹೀಗೆ ನಾಲ್ಕು ರೋಗಕ್ಕೂ ಅರ್ಧ ತಾಸೇ ಔಷಧ. ಆ ಅರ್ಧ ತಾಸು ಕಾದಿರೋ, ಸಾಕ್ಷಿ ಪೂರ್ತಿ ಅಳಿಸಿಹೋಯಿತು. ಗ್ಯಾರೇಜಿಗೆ ತಂದಾಗ ಗಾಡಿ ಚೆನ್ನಾಗೇ ಓಡುತ್ತಿರುತ್ತೆ, ಮೆಕ್ಯಾನಿಕ್ ಪಾಪ ಏನು ನೋಡಬೇಕು? ಕಾರ್ಬುರೇಟರ್ ಬಿಚ್ಚುತ್ತಾನೆ.

ಆದ್ದರಿಂದ ಒಂದು ಸಲ ನಾನೇ ಭಾವನ ಜೊತೆ ಹೊರಟೆ, ನಿಲ್ಲಲಿ ಅಂತಲೇ. ಕುಡತಿನಿ ದಾಟಿ ನಿಂತಿತು. ಭಾವ ಬಟ್ಟೆ ನೆನೆಸೋಕೆ ಬಾಟಲಿ ಎತ್ತಿದರು, ಕೈ ಹಿಡಿದು ತಡೆದೆ. ಮೊದಲು ಟ್ಯಾಂಕ್ ಮುಚ್ಚಳ ತಿರುಗಿಸಿದೆ. ಗಾಳಿ ಒಳಕ್ಕೆ ಎಳೆದ ಸದ್ದಿಲ್ಲ. ಏರ್ ಕ್ಲೀನರ್ ತೆಗೆದು, ಕಾರ್ಬುರೇಟರ್ ಬಾಯಿಗೆ ಟಾರ್ಚ್ ಬಿಟ್ಟು, ಕೈಯಿಂದಲೇ ಆಕ್ಸಿಲರೇಟರ್ ಎಳೆದೆ. ಪೆಟ್ರೋಲ್ ಚಿರ್ರನೆ ಚಿಮ್ಮಿತು. ಅಲ್ಲಿಗೆ ಎಣ್ಣೆಗೆ ಬರವಿಲ್ಲ. ಕ್ಲೀನರ್ ವಾಪಸ್ ಕೂರಿಸಿ (ಪೆಟ್ರೋಲ್ ಆವಿ ಇರೋ ಕಡೆ ಕಿಡಿ ಆಡಿಸಬಾರದು), ಪ್ಲಗ್ಗುಗಳಿಗೆ ಕಿಡಿ ಹಂಚೋ ಡೆಲ್ಕೋದ ನಡುವಿನ ವೈರ್ ಕಿತ್ತು, ರಬ್ಬರ್ ಹಿಡಿ ಇರೋ ಇಕ್ಕಳದಲ್ಲಿ ಅದರ ತುದಿಯನ್ನು ಬ್ಲಾಕಿನಿಂದ ಐದಾರು ಮಿಲಿಮೀಟರ್ ದೂರ ಹಿಡಿದು, "ಸೆಲ್ಫ್ ಹೊಡೀರಿ" ಅಂದೆ. ಚಟ್ ಅಂತ ನೀಲಿ ಕಿಡಿ ಹಾರಬೇಕಿತ್ತು. ಬಂದದ್ದು ಬೀಡಿ ತುದಿಯಂಥ ಕೆಂಪು ಮಿಣುಕು, ಅದೂ ಬಿಟ್ಟು ಬಿಟ್ಟು.

ಡೆಲ್ಕೋ ಮುಚ್ಚಳ ತೆಗೆದರೆ ಪಾಯಿಂಟು (ಕಾಯಿಲ್‌ನ ಕರೆಂಟನ್ನು ಕೂಡಿಸಿ ಬಿಡಿಸೋ ಪುಟ್ಟ ಸ್ವಿಚ್ಚು) ಸುಟ್ಟು ಕರಕಲಾಗಿತ್ತು. ಪಾಯಿಂಟ್ ತೆರೆದ ಗಳಿಗೆಯಲ್ಲಿ ಅಲ್ಲಿ ಹುಟ್ಟೋ ಕಿಡಿಯನ್ನು ನುಂಗೋದೇ ಕಂಡೆನ್ಸರಿನ ಕೆಲಸ. ಅದು ನುಂಗಿದರೆ ಕಾಯಿಲ್‌ನ ಕಾಂತಕ್ಷೇತ್ರ ತಟ್ಟನೆ ಕುಸಿದು ಪ್ಲಗ್ಗಿಗೆ ಗಟ್ಟಿ ಕಿಡಿ ಹೋಗುತ್ತೆ. ಇಲ್ಲದಿದ್ದರೆ ಶಕ್ತಿಯೆಲ್ಲಾ ಪಾಯಿಂಟ್ ಸುಡೋದರಲ್ಲೇ ಮುಗಿಯುತ್ತೆ. ಹಳೆಯದರ ವೈರ್ ಬಿಡಿಸಿ, ಜೇಬಿನಲ್ಲಿದ್ದ ಬೇರೊಂದು ಕಂಡೆನ್ಸರನ್ನು ಕಾಯಿಲ್‌ನಿಂದ ಡೆಲ್ಕೋಗೆ ವೈರ್ ಹೋಗೋ ಟರ್ಮಿನಲ್ಲಿಗೂ ಬಾಡಿಗೂ ತಾತ್ಕಾಲಿಕವಾಗಿ ಸಿಕ್ಕಿಸಿದೆ. ಪಾಯಿಂಟಿಗೆ ಮರಳು ಕಾಗದ ತೋರಿಸಿದೆ. ಈಗ ಕಿಡಿ ನೀಲಿ. ಎಂಜಿನ್ ಇನ್ನೂ ಕೈ ಇಡಲಾಗದಷ್ಟು ಬಿಸಿ ಇದ್ದಾಗಲೇ ಗಾಡಿ ಸ್ಟಾರ್ಟ್ ಆಯಿತು. ನನಗೆ ಬೇಕಿದ್ದ ಪುರಾವೆ ಅದೇ. ತಣಿದ ಮೇಲೆ ಆಗಿದ್ದರೆ ನಾನೂ ಒದ್ದೆ ಬಟ್ಟೆಯವರ ಸಾಲಿಗೇ ಸೇರುತ್ತಿದ್ದೆ.

ಹೊಸ ಕಂಡೆನ್ಸರ್ ಎಲ್ಲವೂ ಒಳ್ಳೆಯದು ಅಂತ ನಂಬಬೇಡಿ. ಡಬ್ಬಿಯಿಂದ ತೆಗೆದದ್ದೇ ಕೆಟ್ಟಿರೋದು ಉಂಟು. ಹಾಕಿ, ಓಡಿಸಿ, ಬಿಸಿ ಮಾಡಿ ನೋಡಿದ ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಪಾಯಿಂಟ್ ಬದಲಿಸಿದ ಮೇಲೆ ಸಂದು ಸುಮಾರು 0.4 ಮಿಲಿಮೀಟರ್ ಇಟ್ಟು ಸ್ವಲ್ಪ ದಿನ ಓಡಿಸಿ ಮತ್ತೆ ಅಳೆಯಿರಿ. ತಿರುಗೋ ಕ್ಯಾಮಿಗೆ ಉಜ್ಜೋ ಅದರ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ ಕಿಡಿಯ ಟೈಮಿಂಗ್ ಹಿಂದಕ್ಕೆ ಹೋಗುತ್ತೆ, ಎಂಜಿನ್ ಸುಮ್ಮನೆ ಬಿಸಿಯಾಗುತ್ತೆ. ಆಗ ಮತ್ತೆ ಬಿಸಿಲಿಗೆ ಬೈಗುಳ.

ಭಾವ ಈಗ ಏರ್ ಲಾಕ್ ಅನ್ನೋ ಮಾತೇ ಬಿಟ್ಟಿದ್ದಾರೆ. ಯಾರ ಗಾಡಿ ನಿಂತರೂ "ಕಂಡೆನ್ಸರ್ ಹೋಗೈತಿ, ಬದ್ಲಿ ಮಾಡು" ಅಂತಾರೆ. ಮೊನ್ನೆ ಸಿರುಗುಪ್ಪದ ಗೆಳೆಯರೊಬ್ಬರಿಗೂ ಫೋನಿನಲ್ಲಿ ಇದನ್ನೇ ಹೇಳಿದರಂತೆ. ಅವರದು ಕಿಡಿಯೇ ಬೇಕಿಲ್ಲದ ಡೀಸೆಲ್ ಅಂಬಾಸಿಡರ್.