ನಾಡಿ ಹಿಡಿದು ಬಿಪಿ ನೋಡುವುದು

ಓಡುವ ಆಂಬ್ಯುಲೆನ್ಸಿನಲ್ಲಿ ಸ್ಟೆತೊಸ್ಕೋಪ್ ಕಿವಿಗೆ ಹಾಕಿಕೊಂಡರೆ ಏನೂ ಕೇಳುವುದಿಲ್ಲ. ಸೈರನ್, ಎಂಜಿನ್, ಪಕ್ಕದಲ್ಲಿ ಅಳುವ ಮನೆಯವರು. ಅದಕ್ಕೇ ಮಣಿಕಟ್ಟಿನ ನಾಡಿ ಹಿಡಿದು ಬಿಪಿ ನೋಡಬೇಕು. ತೋಳಿಗೆ ಸುತ್ತಿದ ಬಿಪಿ ಪಟ್ಟಿಗೆ, ಅಂದರೆ ಕಫ್‌ಗೆ, ಗಾಳಿ ತುಂಬುತ್ತಾ ಹೋದರೆ ನಾಡಿ ನಿಲ್ಲುತ್ತದೆ. ಗಾಳಿ ಬಿಡುತ್ತಾ ಬಂದಾಗ ಬೆರಳಿಗೆ ಮತ್ತೆ ಬಡಿತ ಸಿಕ್ಕ ಅಂಕಿಯೇ ಮೇಲಿನ ಬಿಪಿ. ಕೆಳಗಿನದು ಸಿಗುವುದಿಲ್ಲ. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಓದುವಾಗ ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ. ಮೂರು ವರ್ಷದ ಕೋರ್ಸಿನಲ್ಲಿ ಒಂದು ಸಲವೂ ಕೈಯಲ್ಲಿ ಮಾಡಿರಲಿಲ್ಲ. ಮಾಡಿದ್ದು 108 ಆಂಬ್ಯುಲೆನ್ಸಿಗೆ ಸೇರಿದ ಮೊದಲ ವಾರ, ಸಕಲೇಶಪುರದಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿ.

2008ರ ರಾಜ್ಯೋತ್ಸವದ ದಿನ ನಮ್ಮ ರಾಜ್ಯದಲ್ಲಿ 108 ಶುರುವಾದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಮುಂದೆ ನರ್ಸ್ ಆಗಿ, ಒಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ, ಇಎಂಟಿ ಟ್ರೈನಿಂಗ್‌ಗೆ ಹೊರಟೆ. ಇಎಂಟಿ ಎಂದರೆ ಆಂಬ್ಯುಲೆನ್ಸಿನಲ್ಲಿ ರೋಗಿಯ ಜೊತೆಗಿದ್ದು ತುರ್ತು ಚಿಕಿತ್ಸೆ ಕೊಡುವವರು. ಮನೆಯಲ್ಲಿ ಎಲ್ಲರದೂ ಒಂದೇ ಮಾತು. ನರ್ಸಿಂಗ್ ಮುಗಿಸಿದವಳಿಗೆ ಮತ್ತೆ ಇದ್ಯಾಕೆ?

ಟ್ರೈನಿಂಗಿನ ಮೊದಲ ದಿನವೇ ಉತ್ತರ ಸಿಕ್ಕಿತು. ನರ್ಸ್ ರೋಗಿಯ ಹತ್ತಿರ ಓಡುತ್ತಾಳೆ. ಇಎಂಟಿ ಮೊದಲು ನಿಲ್ಲಬೇಕು. ಜಾಗ ಸೇಫ್ ಇದೆಯಾ, ಕರೆಂಟ್ ವೈರ್ ಬಿದ್ದಿದೆಯಾ, ಪೆಟ್ರೋಲ್ ಸೋರುತ್ತಿದೆಯಾ ನೋಡಬೇಕು. ನಮ್ಮ ಕಡೆ ಇನ್ನೊಂದು ಪ್ರಶ್ನೆಯೂ ಇತ್ತು, ರಸ್ತೆಯಲ್ಲಿ ಆನೆ ಇದೆಯಾ ಅಂತ. ರಾತ್ರಿ ಕಾಫಿ ತೋಟದ ಕೂಲಿಯವರು ಇರುವ ಲೈನ್ ಮನೆಯಿಂದ ಕಾಲ್ ಬಂದು, ಮುಂದೆ ಆನೆ ನಿಂತಿದ್ದರೆ ಗಾಡಿಯಲ್ಲೇ ಕಾಯಬೇಕು. ಆ ಕಾಯುವಿಕೆ ನನಗೆ ಕೊನೆವರೆಗೂ ಅಭ್ಯಾಸವಾಗಲಿಲ್ಲ.

ಒಂದು ಮಳೆಯ ರಾತ್ರಿ ಅಂಥದೇ ಒಂದು ಲೈನ್ ಮನೆಯಿಂದ ಮೂರನೇ ಹೆರಿಗೆಯ ತಾಯಿಯನ್ನು ಕರೆದುಕೊಂಡು ಬರುತ್ತಿದ್ದೆವು. ಬಾಳ್ಳುಪೇಟೆ ಹತ್ತಿರ ಮಗುವಿನ ತಲೆ ಕಾಣಿಸಿತು. ಗಾಡಿ ಪಕ್ಕಕ್ಕೆ ಹಾಕಿಸಿದೆ. ಲೇಬರ್ ರೂಮಿನಲ್ಲಾದರೆ ಹಿಂದೆ ಸಿಸ್ಟರ್ ಇನ್‌ಚಾರ್ಜ್ ಇರುತ್ತಾರೆ, ಪಕ್ಕದಲ್ಲಿ ಮಗುವನ್ನು ಬೆಚ್ಚಗಿಡುವ ವಾರ್ಮರ್ ಉರಿಯುತ್ತಿರುತ್ತದೆ. ಇಲ್ಲಿ ಹಿಂದಿನ ಬಾಗಿಲ ಹತ್ತಿರ ಪೈಲಟ್ ಅಣ್ಣ ಟಾರ್ಚ್ ಹಿಡಿದು ನಿಂತಿದ್ದರು. ನಮ್ಮಲ್ಲಿ ಡ್ರೈವರ್‌ಗೆ ಪೈಲಟ್ ಎನ್ನುತ್ತೇವೆ. ಮಗು ಬಂತು, ಅಳಲಿಲ್ಲ. ಒರೆಸಿ, ಬೆನ್ನು ಉಜ್ಜಿದೆ. ಅತ್ತಿತು. ಅಮ್ಮನ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಸೇರಿಸಿ ಒಂದೇ ಕಂಬಳಿ ಹೊದಿಸಿದೆ. ಅದೇ ವಾರ್ಮರ್. ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ನೋಡಿಕೊಂಡು, ಫೋನಿನಲ್ಲಿದ್ದ ಡಾಕ್ಟರನ್ನು ಕೇಳಿ, ರಕ್ತಸ್ರಾವ ಜಾಸ್ತಿಯಾಗದಿರಲಿ ಎಂದು ಅಮ್ಮನ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟೆ. ವಾರ್ಡಿನಲ್ಲಿ ಆರ್ಡರ್ ಚಾರ್ಟಿನಲ್ಲಿ ಬರೆದಿರುತ್ತದೆ. ಇಲ್ಲಿ ಏನು ನೋಡಿದೆ ಎಂದು ನಾನು ಸರಿಯಾಗಿ ಹೇಳಿದರಷ್ಟೇ ಡಾಕ್ಟರು ಸರಿಯಾದ ಆರ್ಡರ್ ಕೊಡಲು ಸಾಧ್ಯ. ಅವತ್ತು ಕೆಲಸ ಮಾಡಿದ್ದು ನರ್ಸಿಂಗ್ ಕಲಿಸಿದ ಕೈ. ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ಹೇಳಿದ್ದು ಇಎಂಟಿ ಟ್ರೈನಿಂಗ್.

ಆದರೆ ಸರ್ಟಿಫಿಕೇಟ್ ಎರಡೂ ಕಡೆ ಓಡುವುದಿಲ್ಲ. ನನ್ನ ಜೊತೆಗಿದ್ದ ಒಬ್ಬ ಹುಡುಗ ಬಿಎಸ್ಸಿ ಮಾಡಿ ಇಎಂಟಿ ಆದವನು. ಬೆನ್ನುಮೂಳೆ ಅಲುಗಾಡದಂತೆ ರೋಗಿಯನ್ನು ಸ್ಪೈನ್ ಬೋರ್ಡ್ ಎಂಬ ಹಲಗೆಗೆ ಕಟ್ಟುವುದರಲ್ಲಿ ನನಗಿಂತ ಚುರುಕು. ನರ್ಸ್ ಆಗಬೇಕು ಅಂತ ಆಸೆಪಟ್ಟ. ಅವನು ಜಿಎನ್‌ಎಂ ಮೊದಲ ವರ್ಷದಿಂದಲೇ ಕೂರಬೇಕಾಯಿತು. ಇಎಂಟಿ ಕೆಲಸ 2021ರ ಅಲೈಡ್ ಹೆಲ್ತ್ ಕಾಯ್ದೆಯ ಪಟ್ಟಿಗೆ ಬರುತ್ತದೆ. ನರ್ಸಿಂಗ್‌ಗೆ ಕೌನ್ಸಿಲ್ ನೋಂದಣಿ ಬೇಕು, ಅದರ ಕಾನೂನೇ ಬೇರೆ. ಕಾನೂನು ಇರಲಿ, ಪರವಾಗಿಲ್ಲ. ಅಷ್ಟು ವರ್ಷದ ಅನುಭವಕ್ಕೆ ಆರು ತಿಂಗಳಾದರೂ ರಿಯಾಯಿತಿ ಕೊಡಬಹುದಿತ್ತು ಅಲ್ವಾ?

ನನಗೆ ಜಾಸ್ತಿ ನೋವಾಗಿದ್ದು ಆಸ್ಪತ್ರೆಯ ಬಾಗಿಲಲ್ಲಿ. ಬೈಕಿನಿಂದ ಬಿದ್ದ ಹುಡುಗನಿಗೆ ಕುತ್ತಿಗೆ ಅಲುಗಾಡದ ಹಾಗೆ ಕಾಲರ್ ಹಾಕಿ ಒಂದು ಆಸ್ಪತ್ರೆಗೆ ತಂದಿದ್ದೆ. ನಾನು ಹೇಳಿ ಮುಗಿಸುವ ಮೊದಲೇ, ಎಕ್ಸ್‌ರೇಗೂ ಮುಂಚೆ, ಅಲ್ಲಿನ ಸಿಸ್ಟರ್ ಕಾಲರ್ ಬಿಚ್ಚಿಬಿಟ್ಟರು. ನನ್ನ ಪೇಪರಿನಲ್ಲಿ ‘90/ಪಿ’ ಎಂದಿದ್ದನ್ನು ನೋಡಿ, "ಕೆಳಗಿನ ಬಿಪಿ ಎಲ್ಲಿ?" ಎಂದರು. ಪಿ ಎಂದರೆ ನಾಡಿ ಹಿಡಿದು ನೋಡಿದ್ದು. ಅವರ ಮೇಲೆ ಸಿಟ್ಟು ಬಂತು. ಆಮೇಲೆ, ವಾರ್ಡಿನಲ್ಲಿದ್ದಾಗ ನಾನೂ ಒಬ್ಬ ಇಎಂಟಿಗೆ ಇದೇ ಪ್ರಶ್ನೆ ಕೇಳಿದ್ದು ನೆನಪಾಗಿ ನಿದ್ದೆ ಬರಲಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳನ್ನು ಹದಿನೈದು ದಿನ ಆಂಬ್ಯುಲೆನ್ಸಿನಲ್ಲಿ ಕೂರಿಸಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ.

ಮೂರು ವರ್ಷದ ನಂತರ 108 ಬಿಟ್ಟು ಜಿಎನ್‌ಎಂ ಆದವರು ಮಾಡುವ ನರ್ಸಿಂಗ್ ಡಿಗ್ರಿ, ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಸೇರಿದೆ. ಅದು ಎರಡು ವರ್ಷ. ಈಗ ಕ್ಯಾಶುವಾಲಿಟಿಯಲ್ಲಿದ್ದೇನೆ. ಸೈರನ್ ಕೇಳಿದರೆ ಗ್ಲೌಸ್ ಹಾಕಿಕೊಂಡು ಬಾಗಿಲಿಗೆ ಹೋಗುತ್ತೇನೆ. ಇಎಂಟಿ ಹೇಳುವುದನ್ನು ನಿಂತು ಪೂರ್ತಿ ಕೇಳಿ ಬರೆದುಕೊಳ್ಳುತ್ತೇನೆ. ಆಮೇಲೆ ಡಾಕ್ಟರಿಗೆ ಹೇಳಿ, ರೋಗಿಯನ್ನು ನಮ್ಮ ಬೆಡ್‌ಗೆ ಹುಷಾರಾಗಿ ಬದಲಾಯಿಸಿ, ಅವರ ಸ್ಪೈನ್ ಬೋರ್ಡನ್ನು ಬೇಗ ಬಿಡಿಸಿ ಕೊಡುತ್ತೇನೆ. 108ರಲ್ಲಿದ್ದಾಗ ಬೋರ್ಡ್ ಕೈಗೆ ಸಿಗದೆ ಕಾರಿಡಾರಿನಲ್ಲಿ ಎಷ್ಟೋ ರಾತ್ರಿ ಸುಮ್ನೆ ನಿಂತಿದ್ದೇನೆ. ಆ ಹೊತ್ತಿಗೆ ಮುಂದಿನ ಕಾಲ್ ಬಂದಿರುತ್ತಿತ್ತು.